ಬಿಸಿ ಬಟ್ಟೆಯ ಎರಡು ನಿಮಿಷ

ಮುಖಕ್ಷೌರವನ್ನು ಕುರಿತು ಮಾತನಾಡುತ್ತೇನೆಂದರೆ ಕೇಳುಗರಲ್ಲಿ ಕೆಲವರಾದರೂ ಹುಬ್ಬೇರಿಸಿಯಾರು. ಅದೂ ಕ್ಷೌರವನ್ನು ಕುರಿತಲ್ಲ, ಕ್ಷೌರಕ್ಕೆ ಮೊದಲು ಗಡ್ಡದ ಮೇಲೆ ಹಾಸುವ ಬಿಸಿ ಬಟ್ಟೆಯೊಂದನ್ನು ಕುರಿತು ಎಂದರೆ, ಈತನಿಗೆ ಬೇರೆ ವಿಷಯವೇ ಸಿಕ್ಕಲಿಲ್ಲವೆ ಎಂದು ತೋರುವುದು ಸಹಜ. ನನ್ನ ಸಮಾಧಾನ ಇಷ್ಟೆ: ಹದಿನೆಂಟನೆಯ ವಯಸ್ಸಿನಿಂದ ಈವರೆಗೆ ನಾನು ದಿನವೂ ತಪ್ಪದೆ ಮಾಡಿಕೊಂಡು ಬಂದ ಕೆಲಸಗಳು ಬಹಳವಿಲ್ಲ. ಓದು ತಪ್ಪಿದ ದಿನಗಳುಂಟು. ಸಂಧ್ಯಾವಂದನೆ ತಪ್ಪಿದ ದಿನಗಳನ್ನು ಎಣಿಸಲು ಹೋಗುವುದಿಲ್ಲ. ಗಡ್ಡ ಹೆರೆದುಕೊಳ್ಳುವುದು ಮಾತ್ರ ತಪ್ಪಿಲ್ಲ. ಅಷ್ಟು ನಿಷ್ಠೆಯಿಂದ ಮಾಡಿದ ಕೆಲಸವನ್ನು ನಲವತ್ತು ವರ್ಷ ತಪ್ಪಾಗಿ ಮಾಡಿದೆನೆಂದು ತಿಳಿದ ದಿನ ನನಗೆ ನಗು ಬಂದಿತು. ಆದರೆ ಆ ತಿಳಿವು ಬಂದ ಬಗೆಯನ್ನು ನೆನೆದರೆ ನಗು ಅಲ್ಲಿಯೇ ನಿಲ್ಲುತ್ತದೆ. ಅದನ್ನು ಕಡೆಯಲ್ಲಿ ಹೇಳುತ್ತೇನೆ.

ಕ್ಷೌರದ ಬಗ್ಗೆ ನನಗಿರುವ ಮೊದಲ ನೆನಪು ನಮ್ಮ ತಾತನದು. ಮೈಸೂರಿನ ಹಳೆಯ ಅಗ್ರಹಾರದ ಮನೆ. ಹಿತ್ತಿಲಲ್ಲಿ ಬಾವಿಯ ಬಳಿ ಒಂದು ಮಣೆ. ಹದಿನೈದು ದಿನಕ್ಕೊಮ್ಮೆ ಕ್ಷೌರಿಕರು ಹಡಪವನ್ನು ಕಂಕುಳಲ್ಲಿ ಇರಿಸಿಕೊಂಡು ಹಿತ್ತಿಲ ಬಾಗಿಲಿನಿಂದ ಬರುವರು. ದೊಡ್ಡವರು ಆ ಕೆಲಸವನ್ನು ‘ಆಯುಷ್ಕರ್ಮ’ ಎನ್ನುವರು. ಹೆಸರು ಭಾರಿಯಾದರೂ ಅದಕ್ಕೆ ಆಧಾರವಿಲ್ಲದಿಲ್ಲ. ಕೂದಲು, ಗಡ್ಡ, ಉಗುರುಗಳನ್ನು ತೆಗೆಯಿಸಿಕೊಳ್ಳುವುದು ಆಯುಸ್ಸಿಗೂ ಪುಷ್ಟಿಗೂ ಒಳ್ಳೆಯದೆಂದು ಚರಕಸಂಹಿತೆಯೇ ಹೇಳುತ್ತದೆ. ಸಾಬೂನು ಇಲ್ಲ, ಕುಂಚವಿಲ್ಲ; ಒಂದು ಬಟ್ಟಲು ನೀರು ಅಷ್ಟೆ. ಅದರಲ್ಲಿ ಬೆರಳು ಅದ್ದಿ ತಾತನ ಕೆನ್ನೆಯನ್ನೂ ಗಲ್ಲವನ್ನೂ ತಿಕ್ಕಲು ತೊಡಗಿದರೆ, ತಿಕ್ಕಿದ್ದೂ ತಿಕ್ಕಿದ್ದೇ. ತಾತನ ಕಣ್ಣು ಮುಚ್ಚುವುದು. ಊರಿನ ಸುದ್ದಿಯೆಲ್ಲ ಮುಗಿಯುವುದು. ಕತ್ತಿಯ ಸುಳಿವೇ ಇಲ್ಲ. ಕತ್ತಿಯನ್ನು ನೋಡಲೆಂದೇ ಕಾದು ನಿಂತ ನನಗೆ ಇದೆಲ್ಲ ಬರಿಯ ಕಾಲಹರಣವೆಂದು ತೋರುತ್ತಿತ್ತು. ಕಡೆಗೊಮ್ಮೆ ಕತ್ತಿ ಹೊರಬಂದು ಚರ್ಮದ ಪಟ್ಟಿಯ ಮೇಲೆ ನಾಲ್ಕು ಬಾರಿ ಆಡಿತೆಂದರೆ, ಕ್ಷೌರ ನಾಲ್ಕೇ ನಿಮಿಷದಲ್ಲಿ ಮುಗಿಯುವುದು. ಆಮೇಲೆ ತಾತ ಯಾರನ್ನೂ ಮುಟ್ಟದೆ ನೇರವಾಗಿ ಬಚ್ಚಲಿಗೆ ಹೋಗುವರು. ಅಷ್ಟು ಹೊತ್ತು ತನ್ನ ಮುಖವನ್ನು ಅಕ್ಕರೆಯಿಂದ ನೀವಿದ ಕೈಯ ಸ್ಪರ್ಶವನ್ನು ತೊಳೆದುಕೊಳ್ಳಬೇಕಾದ ಮೈಲಿಗೆ ಎಂದು ಎಣಿಸುವುದು ಎಷ್ಟು ವಿಚಿತ್ರವೆಂದು ಆಗ ಮನೆಯಲ್ಲಿ ಯಾರಿಗೂ ತೋರಲಿಲ್ಲ, ನನಗೂ ತೋರಲಿಲ್ಲ.

ನನ್ನ ಕಾಲಕ್ಕೆ ಕ್ಷೌರ ಹಿತ್ತಿಲಿನಿಂದ ಕನ್ನಡಿಯ ಮುಂದಕ್ಕೆ ಬಂದಿತ್ತು. ಬೆಳಗ್ಗೆ ಕಾಲೇಜಿಗೆ ಹೊತ್ತಾಗುತ್ತಿರುವಾಗ ಕೊಳಾಯಿಯ ತಣ್ಣೀರನ್ನು ಮುಖಕ್ಕೆ ಎರಚಿಕೊಳ್ಳುವುದು, ಸಾಬೂನನ್ನು ಎರಡು ಸುತ್ತು ತಿರುಗಿಸುವುದು, ಮರುಕ್ಷಣವೇ ರೇಜರನ್ನು ಎಳೆಯುವುದು. ರಕ್ತ ಚಿಮ್ಮಿದಲ್ಲೆಲ್ಲ ಪತ್ರಿಕೆಯ ಚೂರು ಅಂಟಿಸಿಕೊಂಡು, ಅದನ್ನು ಕೀಳಲು ಮರೆತು ತರಗತಿಗೆ ಹೋದ ದಿನಗಳೂ ಉಂಟು. ಇದಕ್ಕೆಲ್ಲ ಬ್ಲೇಡಿನ ಮೇಲೆ ತಪ್ಪು ಹೊರಿಸುತ್ತಿದ್ದೆ. ಬ್ಲೇಡು ಬದಲಾಯಿಸಿದೆ, ಸಾಬೂನು ಬದಲಾಯಿಸಿದೆ. ಬದಲಾಯಿಸದೆ ಉಳಿದದ್ದು ಅವಸರವೊಂದೇ.

ಗಡ್ಡದ ಕೂದಲು ಎಂಥ ವಸ್ತುವೆಂಬುದನ್ನು ಸ್ವಲ್ಪ ವಿಚಾರಿಸೋಣ. ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು. ನಮ್ಮ ಉಗುರೂ ದನದ ಕೊಂಬೂ ಅದೇ ಜಾತಿಯವು. ಗಡ್ಡದ ಕೂದಲು ತಲೆಗೂದಲಿಗಿಂತ ದಪ್ಪ. ಅದು ದಿನಕ್ಕೆ ಬೆಳೆಯುವುದು ಒಂದು ಮಿಲಿಮೀಟರಿನ ಸುಮಾರು ಮೂರನೆಯ ಒಂದು ಭಾಗ ಮಾತ್ರ. ಅಷ್ಟು ಗಿಡ್ಡವಾದ ಸಾವಿರಾರು ಮೊಳಕೆಗಳನ್ನು ಚರ್ಮದ ಮಟ್ಟಕ್ಕೆ ಕತ್ತರಿಸಬೇಕು. ಚರ್ಮವನ್ನು ಮುಟ್ಟಬೇಕು, ಆದರೆ ಕೊಯ್ಯಕೂಡದು. ಕಠೋಪನಿಷತ್ತು ದುರ್ಗಮವಾದ ದಾರಿಗೆ ಉಪಮೆಯಾಗಿ ಕ್ಷುರದ ಅಲಗನ್ನೇ ಆರಿಸಿಕೊಂಡದ್ದು ಸುಮ್ಮನೆ ಅಲ್ಲ.

ಕೂದಲಿನ ಒಳಗೆ ಕೆರಾಟಿನ್ನಿನ ಎಳೆಗಳು ಹುರಿಹಗ್ಗದ ಎಳೆಗಳಂತೆ ಒಂದರ ಪಕ್ಕಕ್ಕೊಂದು ಸಾಗುತ್ತವೆ. ಅವುಗಳನ್ನು ಒಂದಕ್ಕೊಂದು ಬಿಗಿದಿರುವ ಬಂಧಗಳಲ್ಲಿ ಮುಖ್ಯವಾಗಿ ಎರಡು ಬಗೆ. ಗಂಧಕದ ಪರಮಾಣುಗಳು ಏರ್ಪಡಿಸುವ ಬಂಧ ಬಲವಾದದ್ದು; ನೀರಿಗೆ ಅದು ಜಗ್ಗುವುದಿಲ್ಲ. ಜಲಜನಕದ ಬಂಧ ಒಂದೊಂದಾಗಿ ದುರ್ಬಲ, ಆದರೆ ಸಂಖ್ಯೆಯಲ್ಲಿ ಅಪಾರ. ಒಣಗೂದಲಿನ ಗಡಸುತನಕ್ಕೆ ಬಹುಮಟ್ಟಿಗೆ ಇದೇ ಕಾರಣ. ನೀರಿನ ಅಣುಗಳು ಒಳಗೆ ನುಗ್ಗಿದಾಗ ಎಳೆಗಳ ನಡುವಣ ಈ ಹಿಡಿತವನ್ನು ಬಿಡಿಸಿ, ತಾವೇ ಅಲ್ಲಿ ನೆಲೆಸುತ್ತವೆ. ಒದ್ದೆಯ ತಲೆಗೂದಲನ್ನು ಬಾಚಿ ಒಣಗಲು ಬಿಟ್ಟರೆ ಬಾಚಿದಂತೆಯೇ ನಿಲ್ಲುವುದನ್ನು ನೀವೆಲ್ಲರೂ ಕಂಡಿದ್ದೀರಿ. ನೀರು ಬಿಡಿಸಿದ ಬಂಧಗಳು ಒಣಗುವಾಗ ಹೊಸ ಜಾಗದಲ್ಲಿ ಮತ್ತೆ ಕೂಡಿಕೊಳ್ಳುವುದರಿಂದ ಹಾಗಾಗುತ್ತದೆ. ಚೆನ್ನಾಗಿ ನೆನೆದ ಕೂದಲು ತನ್ನ ತೂಕದ ಸುಮಾರು 30ರಷ್ಟು ಶೇಕಡ ನೀರನ್ನು ಹೀರಬಲ್ಲದು. ಉದ್ದದಲ್ಲಿ ಹೆಚ್ಚೇನೂ ಬೆಳೆಯದೆ ದಪ್ಪದಲ್ಲಿ ಉಬ್ಬುತ್ತದೆ. ಉಬ್ಬಿ ಮೆದುವಾದ ಕೂದಲನ್ನು ಕತ್ತರಿಸಲು ಬೇಕಾಗುವ ಬಲ, ಒಣಗೂದಲಿಗೆ ಬೇಕಾಗುವುದಕ್ಕಿಂತ ಬಹಳ ಕಡಮೆ. ಕಡಲೆಕಾಳನ್ನು ಒಣಗಿರುವಂತೆಯೇ ಒರಳಿಗೆ ಹಾಕುವ ಗೃಹಿಣಿ ಇಲ್ಲ; ಮೊದಲು ನೆನೆಹಾಕುತ್ತಾಳೆ. ಅಡುಗೆಮನೆಯಲ್ಲಿ ದಿನವೂ ಕಾಣುವ ಈ ವಿವೇಕ ಬಚ್ಚಲಮನೆಯ ಕನ್ನಡಿಯವರೆಗೆ ಬರಲಿಲ್ಲವೆಂಬುದೇ ನನ್ನ ದೂರು.

ಕೂದಲು ಸಾಮಾನ್ಯ ಶತ್ರುವೆಂದು ತಿಳಿಯಬೇಡಿ. ಅಮೆರಿಕದ ಮೆಸಾಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಲೋಹವಿಜ್ಞಾನಿಗಳು ಬ್ಲೇಡು ಏಕೆ ಮೊಂಡಾಗುತ್ತದೆಂಬುದನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಬ್ಲೇಡಿನ ಉಕ್ಕು ಕೂದಲಿಗಿಂತ ಸುಮಾರು 50 ಪಟ್ಟು ಗಟ್ಟಿ. ಆದರೂ ಕೂದಲು ಬಾಗಿ ಓರೆಯಾಗಿ ತಾಗಿದಾಗ, ಅಲಗಿನಲ್ಲಿ ಉಕ್ಕಿನ ರಚನೆ ಒಂದೇ ಸಮನಾಗಿಲ್ಲದ ಕಡೆ ಚಿಕ್ಕ ಚಿಕ್ಕ ಚಕ್ಕೆಗಳು ಸಿಡಿದುಹೋಗುತ್ತವೆಂದು ಅವರು ಕಂಡರು. ಮೃದುವಾದದ್ದು ಕಠಿನವಾದದ್ದನ್ನು ಗೆಲ್ಲುವ ಕಥೆ ನಮ್ಮ ನೀತಿಗ್ರಂಥಗಳಲ್ಲಿ ಮಾತ್ರವಲ್ಲ, ನಮ್ಮ ಗಲ್ಲದ ಮೇಲೂ ನಡೆಯುತ್ತಿದೆ.

ನೆನೆಸುವುದಕ್ಕೆ ತಣ್ಣೀರು ಸಾಲದೆ, ಬಿಸಿ ಏಕೆ ಎಂದು ಕೇಳಬಹುದು. ತಣ್ಣೀರೂ ನೆನೆಸುತ್ತದೆ, ಆದರೆ ನಿಧಾನವಾಗಿ. ಬಿಸಿ ಹೆಚ್ಚಿದಷ್ಟೂ ನೀರು ಕೂದಲಿನ ಒಳಗೆ ಬೇಗ ಸೇರುತ್ತದೆ. ಇನ್ನೊಂದು ತೊಡಕೂ ಉಂಟು. ಪ್ರತಿಯೊಂದು ಕೂದಲಿನ ಬುಡದಲ್ಲಿಯೂ ಜಿಡ್ಡನ್ನು ಒಸರಿಸುವ ಗ್ರಂಥಿ ಇದೆ. ಆ ಜಿಡ್ಡು ಕೂದಲಿಗೆ ಹತ್ತಿಕೊಂಡು ನೀರನ್ನು ದೂರವಿಡುತ್ತದೆ. ಬಿಸಿ ಈ ಜಿಡ್ಡನ್ನು ಸಡಿಲಿಸುತ್ತದೆ, ಸಾಬೂನು ತೊಳೆದುಬಿಡುತ್ತದೆ. ಹಾಗಾಗಿ ಮೊದಲು ಸಾಬೂನಿನಿಂದ ಮುಖ ತೊಳೆದು, ಅನಂತರ ಬಿಸಿ ಬಟ್ಟೆ ಹಾಸುವುದು ಸರಿಯಾದ ಕ್ರಮ. ಆಮೇಲಿನ ನೊರೆಯ ಕೆಲಸ, ಕೂದಲು ಕುಡಿದ ನೀರು ಆರಿಹೋಗದಂತೆ ಕಾಯುವುದು ಮತ್ತು ಅಲಗು ಜಾರುವಂತೆ ಮಾಡುವುದು. ನಮ್ಮ ತಾತನ ಕ್ಷೌರಿಕರು ಸಾಬೂನಿಲ್ಲದೆಯೇ ಕೆಲಸ ಮಾಡಿದರಲ್ಲವೆ? ನೀರಿಗೂ ಕಾಲಕ್ಕೂ ಅವರು ಕೊಟ್ಟ ಪಾಲು ದೊಡ್ಡದು; ಆದುದರಿಂದ ಸಾಬೂನಿನ ಕೊರತೆ ಅವರಿಗೆ ಕಾಣಲಿಲ್ಲ. ಕಾಲಹರಣವೆಂದು ನಾನು ಬಗೆದದ್ದೇ ಕ್ಷೌರದ ಮುಖ್ಯ ಭಾಗವಾಗಿತ್ತು.

ಇಲ್ಲಿ ಒಂದು ತಪ್ಪು ನಂಬಿಕೆಯನ್ನೂ ಹೇಳಿಬಿಡಬೇಕು. ಬಿಸಿ ಬಟ್ಟೆಯಿಂದ ಚರ್ಮದ ರಂಧ್ರಗಳು ತೆರೆಯುತ್ತವೆ, ತಣ್ಣೀರಿನಿಂದ ಮುಚ್ಚುತ್ತವೆ ಎಂದು ಎಲ್ಲರೂ ಹೇಳುತ್ತಾರೆ. ಚರ್ಮದ ರಂಧ್ರಗಳಿಗೆ ಬಾಗಿಲುಗಳಿಲ್ಲ. ತೆರೆದು ಮುಚ್ಚುವ ಸ್ನಾಯುಗಳೂ ಇಲ್ಲ. ಕೂದಲಿನ ಬುಡಕ್ಕೆ ಸೇರಿದ ಪುಟ್ಟ ಸ್ನಾಯುವೊಂದು ಇರುವುದು ನಿಜ. ಚಳಿಯಾದಾಗ ಅದು ಸೆಟೆದು ರೋಮವನ್ನು ನಿಮಿರಿಸುತ್ತದೆ. ಕವಿಗಳ ಪುಲಕಕ್ಕೂ ಅದೇ ಆಧಾರ. ಬಿಸಿಯಲ್ಲಿ ರಕ್ತನಾಳಗಳು ಹಿಗ್ಗಿ ಮುಖ ಕೆಂಪೇರುತ್ತದೆ. ಕ್ಷೌರದ ಬಳಿಕ ತಣ್ಣೀರು ತಾಗಿದರೆ ಅವು ಕುಗ್ಗಿ ಉರಿ ಶಮನವಾಗುತ್ತದೆ. ಇಷ್ಟೇ ಅದರ ರಹಸ್ಯ.

ಗಡ್ಡವನ್ನು ನೆನೆಸುವ ಈ ಕಲೆ ಹೊಸದಲ್ಲ. ಸೆರ್ವಾಂಟಿಸನ ದಾನ್ ಕಿಹೋಟೆ ಒಬ್ಬ ಕ್ಷೌರಿಕನ ಹಿತ್ತಾಳೆಯ ಬೋಗುಣಿಯನ್ನು ಕಂಡು, ಮಾಂಬ್ರಿನೋವಿನ ಬಂಗಾರದ ಶಿರಸ್ತ್ರಾಣವೆಂದು ಭ್ರಮಿಸಿ ಕಸಿದುಕೊಂಡು ತಲೆಗೇರಿಸುವ ಪ್ರಸಂಗ ನಿಮಗೆ ನೆನಪಿರಬಹುದು. ಆ ಕಾದಂಬರಿಯ ಮೊದಲ ಭಾಗ ಅಚ್ಚಾದದ್ದು 1605ರಲ್ಲಿ. ಆ ಬೋಗುಣಿಯ ಅಂಚಿನಲ್ಲಿ ಅರ್ಧಚಂದ್ರಾಕಾರದ ಒಂದು ಕಚ್ಚು ಇರುತ್ತಿತ್ತು. ಅದು ಕೊರಳಿಗೆ ಒತ್ತಿ ಕೂರಲೆಂದು ಮಾಡಿದ್ದು. ಗಿರಾಕಿ ಅದನ್ನು ಗಲ್ಲದ ಕೆಳಗೆ ಹಿಡಿದು ಕುಳಿತರೆ, ಕ್ಷೌರಿಕ ಸಾಬೂನಿನ ನೀರಿನಿಂದ ಗಡ್ಡವನ್ನು ತೋಯಿಸುವನು. ಯುರೋಪಿನಲ್ಲಿ ಕ್ಷೌರಿಕನ ಕೈ ಇನ್ನೂ ದೊಡ್ಡ ಕೆಲಸಗಳಿಗೂ ಹೋಗುತ್ತಿತ್ತು. 1540ರಲ್ಲಿ ಎಂಟನೆಯ ಹೆನ್ರಿಯ ಆಳಿಕೆಯಲ್ಲಿ ಲಂಡನ್ನಿನ ಕ್ಷೌರಿಕರನ್ನೂ ಶಸ್ತ್ರವೈದ್ಯರನ್ನೂ ಒಂದೇ ಸಂಘಕ್ಕೆ ಸೇರಿಸಲಾಯಿತು. ಅವರು ಬೇರೆಯಾದದ್ದು 1745ರಲ್ಲಿ. ನಮ್ಮ ಕಡೆಯೂ ಈ ಮನೆತನಗಳ ಗಂಡಸರು ಮದುವೆಗಳಲ್ಲಿ ಓಲಗ ಊದಿದರು. ಹೆಂಗಸರು ಎಷ್ಟೋ ಮನೆಗಳಲ್ಲಿ ಸೂಲಗಿತ್ತಿಯರಾಗಿ ಮಗುವನ್ನು ಮೊದಲು ಎತ್ತಿಕೊಂಡರು. ಮಂಗಳಕ್ಕೆ ಬೇಕಾದ ಕೈ ಮರುದಿನ ಮೈಲಿಗೆಯಾಗುತ್ತಿತ್ತು.

ಬಿಸಿ ಬಟ್ಟೆಗೆ ಹೇಳಿಮಾಡಿಸಿದಂಥ ವಸ್ತ್ರ ಬಂದದ್ದು ತುರ್ಕಿಯಿಂದ. ಅಲ್ಲಿನ ಸ್ನಾನಗೃಹಗಳಲ್ಲಿ ಬಳಸುತ್ತಿದ್ದ, ಮೈತುಂಬ ನೂಲಿನ ಕುಣಿಕೆಗಳಿರುವ ಬಟ್ಟೆಯನ್ನು ಹೆನ್ರಿ ಕ್ರಿಸ್ಟಿ ಎಂಬ ಇಂಗ್ಲಿಷಿನವನು ಕಂಡು ತನ್ನ ದೇಶಕ್ಕೆ ಕೊಂಡೊಯ್ದ. ಯಂತ್ರದಲ್ಲಿ ನೇಯ್ದ ಆ ಬಟ್ಟೆ 1851ರ ಲಂಡನ್ನಿನ ಮಹಾ ವಸ್ತುಪ್ರದರ್ಶನದಲ್ಲಿ ಜನರ ಕಣ್ಣಿಗೆ ಬಿದ್ದಿತು. ನಾವು ಇಂದಿಗೂ ‘ಟರ್ಕಿ ಟವೆಲು’ ಎನ್ನುವುದು ಅದನ್ನೇ. ಆ ಕುಣಿಕೆಗಳೇ ಅದರ ಗುಣ. ಅವು ಬಹಳ ನೀರನ್ನು ಹಿಡಿಯುತ್ತವೆ. ನೀರು ಬಹಳ ಶಾಖವನ್ನು ಹಿಡಿಯುತ್ತದೆ. ನಮ್ಮ ತೆಳುವಾದ ಚೌಕವನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿದರೆ ಮುಖಕ್ಕೆ ತರುವಷ್ಟರಲ್ಲಿ ಆರಿಹೋಗಿರುತ್ತದೆ. ಟರ್ಕಿ ಟವೆಲಿನ ಹೊರಮೈ ಆರಿದರೂ ಒಳಮಡಿಕೆ ಎರಡು ನಿಮಿಷ ಕಾವನ್ನು ಉಳಿಸಿಕೊಳ್ಳುತ್ತದೆ.

ಹೀಗೆ ಬೆಳೆದ ಪದ್ಧತಿ ಮನೆಯಿಂದ ಮರೆಯಾದದ್ದು ಹೇಗೆ? ಕಿಂಗ್ ಕ್ಯಾಂಪ್ ಜಿಲೆಟ್ ಎಂಬ ಅಮೆರಿಕನ್ ಬಳಸಿ ಬಿಸಾಡುವ ತೆಳುಬ್ಲೇಡಿನ ರೇಜರಿಗೆ 1904ರಲ್ಲಿ ಪೇಟೆಂಟು ಪಡೆದ. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರ ಕೈಗೆ ಅದು ಲಕ್ಷಾಂತರವಾಗಿ ಸೇರಿತು; ಅವರ ಜೊತೆಗೆ ಮನೆಗಳಿಗೂ ಹೋಯಿತು. ಕೊರಳು ಕೊಯ್ದುಕೊಳ್ಳುವ ಭಯ ಹೋಯಿತು. ಅದು ದೊಡ್ಡ ಉಪಕಾರ. ಆದರೆ ಭಯದ ಜೊತೆಗೆ ಜಾಗರೂಕತೆಯೂ ಹೋಯಿತು. ತೆರೆದ ಕತ್ತಿಯನ್ನು ಹಿಡಿದವನು ಗಡ್ಡವನ್ನು ನೆನೆಸದೆ ಇರಲಾರ. ಸುರಕ್ಷಿತವಾದ ರೇಜರು ಕೈಗೆ ಬಂದ ಮೇಲೆ ಆ ಎರಡು ನಿಮಿಷ ನಮಗೆ ದುಬಾರಿಯಾಗಿ ಕಂಡಿತು.

ಈಗ ನಾನು ಮುಂದೂಡುತ್ತ ಬಂದ ಸಂಗತಿಗೆ ಬರುತ್ತೇನೆ. ಹನ್ನೆರಡು ವರ್ಷಗಳ ಹಿಂದೆ ನಮ್ಮ ತಂದೆಯವರಿಗೆ ಲಕ್ವ ಹೊಡೆದು ಎಡಭಾಗ ಸ್ವಾಧೀನ ತಪ್ಪಿತು. ಆಗ ಅವರಿಗೆ ಎಂಬತ್ತಾರು ವರ್ಷ. ಬುದ್ಧಿ ಸ್ವಚ್ಛವಾಗಿತ್ತು, ಮಾತು ತೊದಲಿದರೂ ತಿಳಿಯುತ್ತಿತ್ತು. ಆಸ್ಪತ್ರೆಯಿಂದ ಬಂದ ನಾಲ್ಕನೆಯ ದಿನ ಬಲಗೈಯಿಂದ ಗಲ್ಲವನ್ನು ಸವರಿಕೊಂಡು, “ಇದೊಂದನ್ನು ತೆಗೆದುಬಿಡು” ಎಂದರು. ಜನ ನೋಡಲು ಬರುತ್ತಿದ್ದರು. ಬಿಳಿಯ ಕುರುಚಲು ಗಡ್ಡದಲ್ಲಿ ಕಾಣಿಸಿಕೊಳ್ಳುವುದು ಅವರಿಗೆ ಕಾಯಿಲೆಗಿಂತ ಹೆಚ್ಚಿನ ಅಪಮಾನವಾಗಿತ್ತು. ರಕ್ತ ಹೆಪ್ಪುಗಟ್ಟದಂತೆ ಮಾತ್ರೆಗಳನ್ನು ಕೊಟ್ಟಿದ್ದಾರೆ, ಸಣ್ಣ ಗಾಯವಾದರೂ ರಕ್ತ ಬೇಗ ನಿಲ್ಲುವುದಿಲ್ಲ, ವಿದ್ಯುತ್ತಿನ ಕ್ಷೌರಯಂತ್ರವೇ ವಾಸಿ ಎಂದು ವೈದ್ಯರು ಹೇಳಿದ್ದರು. ತಂದು ಒಮ್ಮೆ ಹಚ್ಚಿದೆ. ಅದರ ಗುಂಯ್‌ಗುಡುವಿಕೆ ಅವರಿಗೆ ಒಗ್ಗಲಿಲ್ಲ. ಕೈಯಿಂದ ಪಕ್ಕಕ್ಕೆ ನೂಕಿದರು.

ಬ್ಲೇಡಿನಿಂದಲೇ ಮಾಡಬೇಕಾದರೆ ಗಡ್ಡ ಚೆನ್ನಾಗಿ ನೆನೆಯಬೇಕೆಂದು ಎಲ್ಲಿಯೋ ಓದಿದ್ದೆ. ಟವೆಲನ್ನು ಬಿಸಿನೀರಿನಲ್ಲಿ ಅದ್ದಿ, ನನ್ನ ಕೈ ತಡೆಯುವಷ್ಟು ಹಿಂಡಿ, ಮಂಚದ ಎಡಕ್ಕೆ ನಿಂತು ಎಡಗೆನ್ನೆಯ ಮೇಲೆ ಹಾಸಿದೆ. ಅವರು ಶಾಂತವಾಗಿ ಮಲಗಿದ್ದರು. ಹಿತವಾಗಿದೆಯೆಂದೇ ಭಾವಿಸಿದೆ. ಸ್ವಲ್ಪ ಹೊತ್ತಿನ ಮೇಲೆ ಟವೆಲಿನ ಇನ್ನೊಂದು ತುದಿಯನ್ನು ಬಲಗೆನ್ನೆಗೆ ತಂದೊಡನೆ ಅವರು ಬೆಚ್ಚಿ ತಲೆಯನ್ನು ಕೊಡವಿದರು. ತೆಗೆದು ನೋಡಿದರೆ ಎಡಗೆನ್ನೆ ಕೆಂಡದಂತಾಗಿತ್ತು. ಆ ಕೆನ್ನೆಗೆ ಬಿಸಿ ತಿಳಿಯುತ್ತಿರಲಿಲ್ಲ. ಅದನ್ನು ಯೋಚಿಸಬೇಕಾಗಿದ್ದವನು ಯೋಚಿಸಿರಲಿಲ್ಲ. ಬೊಬ್ಬೆ ಏಳಲಿಲ್ಲ, ಆದರೆ ಎರಡು ದಿನ ಕೆಂಪು ಆರಲಿಲ್ಲ. ತಂದೆಯವರು ಏನೂ ಅನ್ನಲಿಲ್ಲ. ಏನಾದರೂ ಅಂದಿದ್ದರೆ ನನಗೆ ಸುಲಭವಾಗುತ್ತಿತ್ತು.

ಕೆಂಪು ಆರಿದ ಮೇಲೆ ನಮ್ಮ ಬೀದಿಯ ಕ್ಷೌರದಂಗಡಿಯವರನ್ನು ಕರೆದುಕೊಂಡು ಬಂದೆ. ನನಗಿಂತ ನಾಲ್ಕೈದು ವರ್ಷ ದೊಡ್ಡವರು. ನಡೆದದ್ದನ್ನು ಹೇಳಿದಾಗ ಅವರು ನನ್ನನ್ನು ಹಳಿಯಲಿಲ್ಲ. ಟವೆಲನ್ನು ಅದ್ದಿ, ನಾನು ಹಿಂಡಿದ್ದಕ್ಕಿಂತ ಎರಡರಷ್ಟು ಬಲವಾಗಿ ಹಿಂಡಿದರು. ಬಟ್ಟೆಯಲ್ಲಿ ಉಳಿದ ಸಡಿಲ ನೀರೇ ಸುಡುವುದೆಂದು ವಿವರಿಸಿದರು. ಬಿಡಿಸಿ ಗಾಳಿಯಲ್ಲಿ ಎರಡು ಸಲ ಝಾಡಿಸಿ, ತಮ್ಮ ಮುಂಗೈಯ ಒಳಬದಿಗೆ ಒತ್ತಿಕೊಂಡು ನೋಡಿದರು. ಬೆರಳೂ ಅಂಗೈಯೂ ಕೆಲಸ ಮಾಡಿ ಜಡ್ಡುಗಟ್ಟಿರುತ್ತವೆ. ಅವುಗಳ ಸಾಕ್ಷ್ಯವನ್ನು ನಂಬಕೂಡದು. ಬಳಿಕ ತಂದೆಯವರ ಬಲಗೆನ್ನೆಗೆ ಮುಟ್ಟಿಸಿ, “ಯಜಮಾನರೇ, ಹದವಾಗಿದೆಯಾ?” ಎಂದು ಕೇಳಿದರು. ಅವರು ತಲೆಯಾಡಿಸಿದ ಮೇಲೆಯೇ ಎಡಗೆನ್ನೆಗೆ ಹಾಸಿದರು. ನನ್ನ ಕಡೆ ತಿರುಗಿ, “ಮೇಷ್ಟ್ರೇ, ಗೊತ್ತಾಗೋ ಕೆನ್ನೇನ ಮೊದಲು ಕೇಳ್ಬೇಕು. ಗೊತ್ತಾಗದೇ ಇರೋ ಕೆನ್ನೆ ಪಾಪ ಏನು ಹೇಳೀತು?” ಎಂದರು.

ಆ ದಿನ ಅವರಿಂದ ಕಲಿತದ್ದನ್ನೂ, ಆಮೇಲೆ ಓದಿ ತಿಳಿದದ್ದನ್ನೂ ಸೇರಿಸಿ ಹೇಳುತ್ತೇನೆ. ಮೈಯ ಕಾವು 37 ಡಿಗ್ರಿ ಸೆಲ್ಸಿಯಸ್ಸು. ಮುಖಕ್ಕೆ ತಾಗುವ ಬಟ್ಟೆ ಅದಕ್ಕಿಂತ ಮೂರು ನಾಲ್ಕು ಡಿಗ್ರಿ ಹೆಚ್ಚಿದ್ದರೆ ಸಾಕು. 60 ಡಿಗ್ರಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮವನ್ನು ಸುಡಬಲ್ಲದು. ವೃದ್ಧರ ಚರ್ಮ ತೆಳು. ಲಕ್ವ ಹೊಡೆದವರಲ್ಲಿಯೂ ಕೆಲವು ಮಧುಮೇಹಿಗಳಲ್ಲಿಯೂ ಸ್ಪರ್ಶಜ್ಞಾನ ಕುಂದಿರುತ್ತದೆ. ಮೂಗನ್ನು ಮುಚ್ಚದಂತೆ, ಗಲ್ಲದ ಕೆಳಗಿನಿಂದ ಎರಡು ಕೆನ್ನೆಗೂ ಬರುವಂತೆ ಬಟ್ಟೆಯನ್ನು ಸುತ್ತಬೇಕು. ಎರಡು ನಿಮಿಷ ಸಾಕು; ಒರಟು ಗಡ್ಡವಾದರೆ ಇನ್ನೊಮ್ಮೆ ಅದ್ದಿ ಹಾಸಬಹುದು. ತೆಗೆದೊಡನೆ ಮುಖವನ್ನು ಒರಸದೆ, ಒದ್ದೆ ಇರುವಾಗಲೇ ನೊರೆ ಹಚ್ಚಬೇಕು. ಒಣಗಿದರೆ ಕೂದಲು ಮತ್ತೆ ಬಿಗಿಯುತ್ತದೆ. ಬಿಸಿನೀರಿನ ಸ್ನಾನ ಮುಗಿಸಿ ಬಂದವರಿಗೆ ಬಟ್ಟೆಯ ಅಗತ್ಯವೇ ಇಲ್ಲ. ಅವರ ಗಡ್ಡ ಆಗಲೇ ನೆನೆದಿರುತ್ತದೆ. ವಿದ್ಯುತ್ ಯಂತ್ರವನ್ನು ಬಳಸುವವರಿಗೆ ಇದು ತಿರುಗುಮುರುಗು. ಅವುಗಳಲ್ಲಿ ಹಲವಕ್ಕೆ ಒಣಗಡ್ಡವೇ ಬೇಕು. ಒಬ್ಬರಿಗೆ ಬಳಸಿದ ಟವೆಲನ್ನು ಒಗೆಯದೆ ಇನ್ನೊಬ್ಬರಿಗೆ ಹಾಸಕೂಡದು; ಬಿಸಿ ಮಾಡಿದ ಮಾತ್ರಕ್ಕೆ ಬಟ್ಟೆ ಶುದ್ಧವಾಗುವುದಿಲ್ಲ. ಬ್ಲೇಡಿನ ವಿಷಯದಲ್ಲಂತೂ ದಾಕ್ಷಿಣ್ಯ ಸಲ್ಲದು: ಕಾಮಾಲೆಯನ್ನು ತರುವ ಹೆಪಟೈಟಿಸ್ ಬಿ ವೈರಸ್ಸು ಮೈಯಿಂದ ಹೊರಗೆ ಕನಿಷ್ಠ 7 ದಿನ ಜೀವ ಹಿಡಿದಿರಬಲ್ಲದು. ಅಂಗಡಿಯಲ್ಲಿ ಹೊಸ ಬ್ಲೇಡನ್ನು ನಮ್ಮ ಕಣ್ಣೆದುರಿಗೇ ಮುರಿದು ಕತ್ತಿಗೆ ಸಿಕ್ಕಿಸುವುದನ್ನು ನೋಡಿಕೊಳ್ಳುವುದು ಅನುಮಾನದ ಗುರುತಲ್ಲ, ವಿವೇಕದ ಗುರುತು.

ಅಂದು ಕ್ಷೌರ ಮುಗಿಯಿತು. ಜೋಲುಬಿದ್ದ ಎಡಗೆನ್ನೆಯನ್ನು ಎರಡು ಬೆರಳಿನಿಂದ ಎಳೆದು ಹಿಡಿದು, ಅವರು ಅಲಗನ್ನು ನಡೆಸಿದ ರೀತಿಯನ್ನು ನಾನು ಉಸಿರು ಬಿಗಿಹಿಡಿದು ನೋಡಿದೆ. ಒಂದು ಹನಿ ರಕ್ತ ಬರಲಿಲ್ಲ. ತಣ್ಣೀರಿನಲ್ಲಿ ಅದ್ದಿದ ಬಟ್ಟೆಯಿಂದ ಮುಖ ಒರಸಿ ಕನ್ನಡಿ ಹಿಡಿದರು. ತಂದೆಯವರು ಬಹಳ ಹೊತ್ತು ನೋಡಿಕೊಂಡರು. ತಮ್ಮ ತಂದೆಯ ಹಾಗೆಯೇ ಅವರೂ ಕ್ಷೌರವಾದ ಮೇಲೆ ನೀರು ಹಾಕಿಕೊಳ್ಳದೆ ಎಂದೂ ಒಳಗೆ ಬಂದವರಲ್ಲ. ಅಂದು ಮಲಗಿದ್ದದ್ದು ನಡುಮನೆಯಲ್ಲಿ. ಕ್ಷೌರಿಕರು ಸಾಮಾನು ಕಟ್ಟಿಕೊಂಡು ಹೊರಡಲು ಎದ್ದಾಗ ತಂದೆಯವರು ಪಕ್ಕದ ಕುರ್ಚಿಯನ್ನು ತೋರಿಸಿ, ತೊದಲುತ್ತ, “ಕೂತ್ಕೊಳ್ಳಿ. ಕಾಫಿ ಕುಡಿದು ಹೋಗಬೇಕು” ಎಂದರು. ಸ್ನಾನದ ಮಾತೆತ್ತಲಿಲ್ಲ. ನಾವೂ ಎತ್ತಲಿಲ್ಲ.

ಅನಂತರ ಹದಿನಾಲ್ಕು ತಿಂಗಳು ಅವರು ಬದುಕಿದ್ದರು. ವಾರಕ್ಕೊಮ್ಮೆ ಕ್ಷೌರಿಕರು ಬರುವರು. ನಡುವಣ ದಿನಗಳಲ್ಲಿ ನಾನೇ ಮಾಡುವೆನು. ಬಿಸಿ ಬಟ್ಟೆ ಹಾಸಿ ಕುಳಿತ ಆ ಎರಡು ನಿಮಿಷಗಳಲ್ಲಿ ನಾವಿಬ್ಬರೂ ಆಡಿದಷ್ಟು ಮಾತನ್ನು ಅದಕ್ಕೆ ಹಿಂದಿನ ಇಪ್ಪತ್ತು ವರ್ಷಗಳಲ್ಲಿ ಆಡಿದ್ದೆವೋ ಇಲ್ಲವೋ. ಮಾತಿಲ್ಲದ ದಿನಗಳೂ ಇದ್ದವು. ಟವೆಲಿನ ಮೇಲೆ ಕೈಯಿಟ್ಟು ಕಾವು ಆರುವುದನ್ನು ಕಾಯುತ್ತಿದ್ದೆ.

ನನ್ನ ಗಡ್ಡವನ್ನು ನಾನು ಈಗ ಅವಸರದಿಂದ ಹೆರೆದುಕೊಳ್ಳುವುದಿಲ್ಲ. ಬೆಳಗ್ಗೆ ಟವೆಲನ್ನು ಅದ್ದಿ, ಬಲವಾಗಿ ಹಿಂಡಿ, ಝಾಡಿಸಿ, ಮುಂಗೈಗೆ ಒತ್ತಿ ನೋಡುತ್ತೇನೆ. ಆಮೇಲೆ ಬಲಗೆನ್ನೆಗೆ ಮೊದಲು ಮುಟ್ಟಿಸುತ್ತೇನೆ. ನನ್ನ ಎರಡು ಕೆನ್ನೆಗಳಿಗೂ ಬಿಸಿ ಚೆನ್ನಾಗಿಯೇ ತಿಳಿಯುತ್ತದೆ. ಆದರೂ ಕೈ ಅಲ್ಲಿಗೇ ಹೋಗುತ್ತದೆ.